ನಾಲ್ಕನೇ ಮಷೀನು ಬಂದ ಮೇಲೆ ಕೆಲಸ ತಡವಾಯಿತು

ನಾನು ಕೋಲಾರದ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಹಾಲು ಸಂಗ್ರಹದ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಬೆಳಗ್ಗೆ, ಸಂಜೆ ಹಳ್ಳಿಗಳಲ್ಲಿ ಹಾಲು ಅಳೆಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಎಷ್ಟು ನೋಡುತ್ತಾರೆ. ಆ ಅಂಕಿಗಳೆಲ್ಲ ನಮ್ಮ ಸರ್ವರ್‌ಗೆ ಬಂದು ಬೀಳುತ್ತವೆ. ರಾತ್ರಿ ಎರಡಕ್ಕೆ ಲೆಕ್ಕ ಶುರು. ಮರುದಿನದ ಹಾಲು ಬರುವ ಮೊದಲು ಮುಗಿದಿರಬೇಕು. ನೂರಾರು ಚಿಕ್ಕ ಕೆಲಸ, ಮೂರು ಮಷೀನು, ಅಂದರೆ ಕಂಪ್ಯೂಟರು. ಯಾವ ಕೆಲಸ ಯಾವ ಮಷೀನಿಗೆ, ಯಾವಾಗ ಅಂತ ಹೇಳುವ ಶೆಡ್ಯೂಲರ್ ಬರೆದವನು ನಾನೇ. ಹಾಗಾಗಿ ಈ ಕಥೆಯಲ್ಲಿ ಬೈಯೋಕೆ ಬೇರೆ ಯಾರೂ ಸಿಗಲ್ಲ.

ಗಿರಾಕಿಗಳು ಜಾಸ್ತಿಯಾದರು. ಮೂರೂವರೆಗೆ ಮುಗಿಯುತ್ತಿದ್ದ ಲೆಕ್ಕ ನಾಲ್ಕೂಕಾಲು ದಾಟತೊಡಗಿತು. ಇನ್ನೊಂದು ಮಷೀನು ಬಾಡಿಗೆಗೆ ತಗೊಳ್ಳೋಣ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಮೂವರು ಮಾಡೋ ಕೆಲಸ ನಾಲ್ವರು ಮಾಡಿದರೆ ಬೇಗ ಆಗುತ್ತೆ, ಇದಕ್ಕೆ ಬೇರೆ ಲೆಕ್ಕ ಬೇಕಾ ಅಂದುಕೊಂಡಿದ್ದೆ. ಅವರು ಒಪ್ಪಿದರು. ಮಷೀನು ಬಂತು. ಆ ರಾತ್ರಿ ಲೆಕ್ಕ ಮುಗಿದಾಗ ನಾಲ್ಕೂ ಮುಕ್ಕಾಲು.

ಮೊದಲ ದಿನ ನೆಟ್‌ವರ್ಕ್ ಮೇಲೆ ಅನುಮಾನ ಪಟ್ಟೆ. ಎರಡನೇ ದಿನ ಡೇಟಾಬೇಸ್. ಮೂರನೇ ದಿನ ಹೊಸ ಮಷೀನಿನ ಡಿಸ್ಕೇ ಸರಿ ಇಲ್ಲ ಅಂತ ತೀರ್ಮಾನ ಮಾಡಿ ಬದಲಾಯಿಸಿಯೂ ಆಯಿತು. ಆಗಲೂ ನಾಲ್ಕೂ ಮುಕ್ಕಾಲೇ. ಮ್ಯಾನೇಜರ್ ಬೈಯಲಿಲ್ಲ. "ಏನಪ್ಪ, ಮಷೀನು ಕೊಡಿಸಿದ್ದಕ್ಕೆ ಬಡ್ಡಿ ಸಮೇತ ಟೈಮ್ ವಾಪಸ್ ಕೊಡ್ತಿದ್ದೀಯಾ?" ಅಂದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಕಾಲೇಜಿನಲ್ಲಿ ಓದಿ ಮರೆತಿದ್ದ ಒಂದು ಹೆಸರು ನೆನಪಾಯಿತು, ರೊನಾಲ್ಡ್ ಗ್ರಹಾಂ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ, 2020ರಲ್ಲಿ ತೀರಿಕೊಂಡರು. ಚೆಂಡುಗಳನ್ನು ಒಂದರ ಹಿಂದೆ ಒಂದು ಎಸೆದು ಹಿಡಿಯೋ ಆಟದಲ್ಲೂ ನಿಸ್ಸೀಮ. ಅಂಥ ಆಟಗಾರರ ಅಂತರರಾಷ್ಟ್ರೀಯ ಸಂಘಕ್ಕೆ ಅಧ್ಯಕ್ಷರೂ ಆಗಿದ್ದರು. ಕೆಲಸಗಳನ್ನು ಮಷೀನುಗಳಿಗೆ ಹಂಚುವ ವಿಷಯಕ್ಕೆ ಇವರು ಕೈ ಹಾಕಿದ್ದು ಸುಮ್ನೆ ಅಲ್ಲ ಅನಿಸುತ್ತೆ ನನಗೆ. ಮಷೀನು ಜಾಸ್ತಿ ಮಾಡಿದರೂ ಕೆಲಸ ತಡವಾಗಬಹುದು ಅಂತ ಅವರು 1966ರಲ್ಲೇ ತೋರಿಸಿದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ನನ್ನ ಮೇಲ್‌ಗೆ ಉತ್ತರ ಬರೆದಿಟ್ಟಿದ್ದರು.

ಅವರ ಉದಾಹರಣೆಯನ್ನು ಒಂದು ಟೊಮೆಟೊ ಮಂಡಿ ಬಿಲ್ಲಿನ ಹಿಂದೆ ಗೀಚಿ ನೋಡಿದೆ. ನೀವೂ ಒಂದು ಪೆನ್ನು ಹಿಡಿಯಿರಿ, ಎರಡು ನಿಮಿಷದ ಕೆಲಸ.

ಒಟ್ಟು ಒಂಬತ್ತು ಕೆಲಸ. 1ನೆಯದಕ್ಕೆ 3 ನಿಮಿಷ. 2, 3, 4ಕ್ಕೆ ತಲಾ 2 ನಿಮಿಷ. 5ರಿಂದ 8ರವರೆಗೆ ತಲಾ 4. ಕೊನೆಯ 9ನೆಯದು ದೊಡ್ಡದು, 9 ನಿಮಿಷ. 1 ಮುಗಿಯದೆ 9 ಶುರು ಮಾಡುವ ಹಾಗಿಲ್ಲ. 4 ಮುಗಿಯದೆ 5, 6, 7, 8 ಮುಟ್ಟುವ ಹಾಗಿಲ್ಲ. ಕೈ ಖಾಲಿಯಾದ ಮಷೀನು ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಮಾಡಬಹುದಾದ ಮೊದಲ ಕೆಲಸ ಎತ್ತಿಕೊಳ್ಳಬೇಕು.

ಮೂರು ಮಷೀನು ಇದ್ದರೆ 1, 2, 3 ಮೊದಲು ಹೋಗುತ್ತವೆ. 4ರ ಸರದಿ ಬರೋದು 2ನೇ ನಿಮಿಷಕ್ಕೆ, ಅದು ಮುಗಿಯೋದು 4ಕ್ಕೆ. ಈ ನಡುವೆ 3ನೇ ನಿಮಿಷಕ್ಕೆ ಮೊದಲ ಮಷೀನು ಖಾಲಿಯಾಗುತ್ತೆ. 5, 6, 7, 8 ಇನ್ನೂ ಬಾಗಿಲು ಹಾಕಿಕೊಂಡಿವೆ. ಹಾಗಾಗಿ ಅದು ದೊಡ್ಡ ಕೆಲಸವನ್ನೇ ಎತ್ತಿಕೊಳ್ಳುತ್ತೆ. ಎಲ್ಲ ಮುಗಿಯೋದು 12ನೇ ನಿಮಿಷಕ್ಕೆ.

ಈಗ ನಾಲ್ಕನೇ ಮಷೀನು ತನ್ನಿ. 4ನೇ ಕೆಲಸವೂ ಮೊದಲೇ ಶುರುವಾಗಿ 2ನೇ ನಿಮಿಷಕ್ಕೆ ಮುಗಿದುಹೋಗುತ್ತೆ. ತಕ್ಷಣ 5, 6, 7 ಮೂರು ಮಷೀನುಗಳನ್ನು ಹಿಡಿದುಕೊಳ್ಳುತ್ತವೆ. 3ನೇ ನಿಮಿಷಕ್ಕೆ ಮೊದಲ ಮಷೀನು ಖಾಲಿಯಾದಾಗ ಪಟ್ಟಿಯಲ್ಲಿ ಮೇಲಿರೋದು 8. ಅದನ್ನೇ ಎತ್ತಿಕೊಳ್ಳುತ್ತೆ. ಪಾಪ, 9 ಕಾಯುತ್ತಾ ಕೂತು 6ನೇ ನಿಮಿಷಕ್ಕೆ ಶುರುವಾಗಿ 15ಕ್ಕೆ ಮುಗಿಯುತ್ತೆ. ಕೊನೆಯ ಎಂಟು ನಿಮಿಷ ಒಂದು ಮಷೀನು ದುಡಿಯುತ್ತೆ, ಮೂರು ಆಕಳಿಸುತ್ತವೆ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಮೂರೇ ಮಷೀನು ಇಟ್ಟುಕೊಂಡು ಪ್ರತಿ ಕೆಲಸಕ್ಕೂ ಒಂದೊಂದು ನಿಮಿಷ ಕಡಿಮೆ ಮಾಡಿ ನೋಡಿ. 12 ಬದಲು 13 ಆಗುತ್ತೆ. ಇದನ್ನು ಮೂರು ಸಲ ಬರೆದು ನೋಡಿದೆ, ಕೈ ತಪ್ಪಿರಬೇಕು ಅಂತ. ತಪ್ಪಿರಲಿಲ್ಲ.

ನಮ್ಮ ರಾತ್ರಿ ಲೆಕ್ಕ ಇಷ್ಟು ಚೊಕ್ಕ ಇಲ್ಲ. ಆದರೂ ಲಾಗ್ (ಯಾವ ಕೆಲಸ ಯಾವಾಗ ನಡೆಯಿತು ಅನ್ನೋ ದಾಖಲೆ) ತೆಗೆದು, ಮಷೀನಿಗೆ ಒಂದು ಸಾಲಿನಂತೆ ನಾಲ್ಕು ಸಾಲು ಬರೆದಾಗ ಕಂಡಿದ್ದು ಇದೇ ಚಿತ್ರ. ರೈತರ ಬಟವಾಡೆ ಲೆಕ್ಕ ಅಂತ ಒಂದು ಉದ್ದದ ಕೆಲಸ ಇದೆ. ಅದು ನಮ್ಮ 9. ಹಾಲು ಸಂಗ್ರಹದ ರೂಟುಗಳ ಫೈಲ್ ಸರಿಮಾಡುವ ಚಿಲ್ಲರೆ ಕೆಲಸಗಳು ಬೇಗ ಸಿದ್ಧವಾಗಿ ನಾಲ್ಕೂ ಮಷೀನಿಗೆ ಮುತ್ತಿಕೊಂಡಿದ್ದವು. ಬಟವಾಡೆ ಸರದಿಯಲ್ಲಿ ಹಿಂದೆ ನಿಂತಿತ್ತು. ಈ ಚಿತ್ರವನ್ನು ಮೊದಲ ದಿನವೇ ಬರೆಯಬಹುದಿತ್ತು. ನಾನು ನೋಡುತ್ತಿದ್ದದ್ದು ಪ್ರತಿ ಕೆಲಸಕ್ಕೆ ಸರಾಸರಿ ಎಷ್ಟು ಹೊತ್ತು ಅನ್ನೋದನ್ನು. ಆ ಸರಾಸರಿ ಚೆನ್ನಾಗಿಯೇ ಇತ್ತು.

ನಮ್ಮ ಭಾವ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿದ್ದಾರೆ. ಸೀಸನ್‌ನಲ್ಲಿ ಹದಿನೈದು ಕೆಜಿ ಬಾಕ್ಸುಗಳ ಗುಡ್ಡದ ನಡುವೆ ಅವರನ್ನು ಹುಡುಕೋದೇ ಒಂದು ಕೆಲಸ. ಒಂದು ದಿನ ಅಲ್ಲಿ ನಿಂತು ಇದನ್ನೆಲ್ಲ ಹೇಳಿದೆ. ಇಲ್ಲೂ ಹಮಾಲಿಗಳಿದ್ದಾರೆ, ಲಾರಿಗಳಿವೆ, ಅರ್ಥವಾಗುತ್ತೆ ಅಂತ ನನ್ನ ನಂಬಿಕೆ.

"ನಮ್ಮಲ್ಲಿ ಪಟ್ಟಿ ಗಿಟ್ಟಿ ಏನಿಲ್ಲಪ್ಪ. ಯಾರ ಕೂಗು ಜೋರೋ ಅವರ ಗಾಡಿ ಮೊದಲು."

"ಮತ್ತೆ ದೂರಕ್ಕೆ ಹೋಗೋ ದೊಡ್ಡ ಲಾರಿ, ಭಾವ?"

"ಅದಕ್ಕೆ ಬೇರೆ ಜನ ಇರ್ತಾರೆ. ಈಗ ಸ್ವಲ್ಪ ಆ ಕಡೆ ನಿಂತ್ಕೊ, ಬಾಕ್ಸ್ ಇಳಿಸ್ತಿದ್ದಾರೆ."

ಬೇರೆ ಜನ! ಒಂದು ವಾರ ನಾನೂ ಹಾಗೇ ಮಾಡಿದೆ. ಬಟವಾಡೆಗೇ ಅಂತ ಒಂದು ಮಷೀನು ಮೀಸಲಿಟ್ಟೆ. ನಡೆಯಿತು. ಆದರೆ ಬಟವಾಡೆ ಇಲ್ಲದ ಹೊತ್ತಲ್ಲಿ ಅದು ಸುಮ್ನೆ ಕೂತಿರುತ್ತಿತ್ತು, ಬಾಡಿಗೆ ಮಾತ್ರ ಓಡುತ್ತಿತ್ತು. ಕೊನೆಗೆ ಮಾಡಿದ್ದು ಹಳೆಯ, ಎಲ್ಲರಿಗೂ ಗೊತ್ತಿರುವ ಉಪಾಯ. ಒಂದು ಮುಗಿದರೇ ಇನ್ನೊಂದು ಅನ್ನೋ ಕೆಲಸಗಳ ಸರಪಳಿ ಪ್ರತಿ ಕೆಲಸದಿಂದ ಕೊನೆಯವರೆಗೆ ಹೆಚ್ಚೆಂದರೆ ಎಷ್ಟು ಹೊತ್ತಿನದು ಅಂತ ಲೆಕ್ಕ ಹಾಕೋದು. ಯಾರ ಸರಪಳಿ ಉದ್ದವೋ ಅವರಿಗೆ ಮೊದಲು ಮಷೀನು. ಇದು ಯಾವಾಗಲೂ ಅತ್ಯುತ್ತಮ ಹಂಚಿಕೆ ಕೊಡುತ್ತೆ ಅಂತಲ್ಲ. ಅಂಥ ಹಂಚಿಕೆ ಹುಡುಕೋದು ಕೆಲಸಗಳು ಹೆಚ್ಚಾದಂತೆ ಕಂಪ್ಯೂಟರಿಗೂ ಮುಗಿಯದ ಲೆಕ್ಕ. ಆದರೆ ಗ್ರಹಾಂ ಒಂದು ಸಮಾಧಾನವನ್ನೂ ಬಿಟ್ಟುಹೋಗಿದ್ದಾರೆ. ಖಾಲಿಯಾದ ಮಷೀನು ಸಿಕ್ಕ ಕೆಲಸ ಎತ್ತಿಕೊಳ್ಳುತ್ತಿದ್ದರೆ, ಪಟ್ಟಿ ಎಷ್ಟೇ ಕೆಟ್ಟದಿರಲಿ, ನಾಲ್ಕು ಮಷೀನಿನಲ್ಲಿ ಅತ್ಯುತ್ತಮ ಹಂಚಿಕೆಯ ಒಂದೂ ಮುಕ್ಕಾಲು ಪಟ್ಟು ಮೀರಿ ಹೊತ್ತು ಹಿಡಿಯಲ್ಲ.

ಹೊಸ ಶೆಡ್ಯೂಲರ್‌ನಲ್ಲಿ ಲೆಕ್ಕ ನಾಲ್ಕೂ ಹತ್ತಕ್ಕೆ ಮುಗಿಯಿತು. ಖುಷಿಯಾಗಬೇಕಿತ್ತು. ಆದರೆ ಬಿಲ್ಲಿನ ಹಿಂದಿನ ಗೀಚಾಟ ಮತ್ತೆ ಕಣ್ಣಿಗೆ ಬಿತ್ತು. 1ಕ್ಕೆ 3 ನಿಮಿಷ, ಅದರ ಹಿಂದೆ 9ಕ್ಕೆ 9. ಕೂಡಿದರೆ 12. ಅಂದರೆ ನೂರು ಮಷೀನು ತಂದರೂ 12 ನಿಮಿಷಕ್ಕಿಂತ ಕೆಳಗಿಳಿಯಲ್ಲ. ಮೂರೇ ಮಷೀನು ಆ 12ರಲ್ಲಿ ಮುಗಿಸುತ್ತಿದ್ದವು. ಹೊಸ ಶೆಡ್ಯೂಲರ್ ಇಟ್ಟುಕೊಂಡು ನಾಲ್ಕನೇ ಮಷೀನನ್ನು ಒಂದು ರಾತ್ರಿ ಆಫ್ ಮಾಡಿ ನೋಡಿದೆ. ನಾಲ್ಕೂ ಹದಿಮೂರು.

ನಿಜವಾಗಿ ಹೊತ್ತು ಉಳಿಸಿದ್ದು ಬಟವಾಡೆಯನ್ನೇ ರೂಟ್‌ವಾರು ತುಂಡು ಮಾಡಿದ್ದು. ಅದು ಒಂದೂವರೆ ತಿಂಗಳ ಕೆಲಸ, ಮಷೀನಿನ ಮೇಲ್ ಬರೆದಷ್ಟು ಸುಲಭ ಇರಲಿಲ್ಲ. ಅದರಲ್ಲೂ ಎಡವಿದೆ. ಒಂದು ಮಷೀನು ನಿಧಾನವಾದರೆ ಅದರ ತುಂಡನ್ನು ಇನ್ನೊಂದಕ್ಕೂ ಕೊಟ್ಟು, ಯಾರು ಮೊದಲು ಮುಗಿಸಿದರೆ ಅವರದ್ದು ತಗೊಳ್ಳೋದು ಒಂದು ಕ್ರಮ. 2004ರಲ್ಲಿ ಗೂಗಲ್‌ನವರು, ದೊಡ್ಡ ಲೆಕ್ಕವನ್ನು ತುಂಡು ಮಾಡಿ ಬಹಳಷ್ಟು ಮಷೀನಿಗೆ ಹಂಚುವ ತಮ್ಮ ಮ್ಯಾಪ್‌ರೆಡ್ಯೂಸ್ ಬಗ್ಗೆ ಬರೆದಾಗ, ಹೀಗೆ ಮಾಡದಿದ್ದರೆ ಅವರ ವಿಂಗಡಣೆ ಪರೀಕ್ಷೆ 44% ಜಾಸ್ತಿ ಹೊತ್ತು ಹಿಡಿಯಿತು ಅಂತ ಲೆಕ್ಕ ಕೊಟ್ಟಿದ್ದಾರೆ. ಓದಿ ಹುರುಪಿನಿಂದ ನಾನೂ ಹಾಕಿದೆ. ತುಂಡಿನ ಕೊನೆಯಲ್ಲಿ ಎಸ್ಎಂಎಸ್ ಕಳಿಸುವ ಸಾಲು ಇದೆ ಅನ್ನೋದು ಮರೆತಿದ್ದೆ. ಬೆಳಗ್ಗೆ ಆರಕ್ಕೆ ಒಂದು ಹಳ್ಳಿಯ ಡೇರಿ ಸೆಕ್ರೆಟರಿ ಫೋನ್ ಮಾಡಿದರು. "ಸಾರ್, ಎಲ್ಲರಿಗೂ ಎರಡೆರಡು ಮೆಸೇಜ್ ಬಂದಿದೆ. ದುಡ್ಡೂ ಎರಡು ಸಲ ಬರುತ್ತಾ ಅಂತ ಕ್ಯಾನ್ ಹಿಡ್ಕೊಂಡು ನಿಂತಿದ್ದಾರೆ, ಏನು ಹೇಳ್ಲಿ?"

ನಾಲ್ಕನೇ ಮಷೀನು ವಾಪಸ್ ಕೊಡೋಣ ಅಂತ ಆ ವಾರವೇ ಮ್ಯಾನೇಜರ್‌ಗೆ ಇನ್ನೊಂದು ಮೇಲ್ ಹಾಕಿದೆ. ವರ್ಷದ ಬಾಡಿಗೆ ಮುಂಗಡ ಕಟ್ಟಾಗಿದೆಯಂತೆ. ಈಗ ಅದರಲ್ಲಿ ಟೆಸ್ಟಿಂಗ್ ಮಾಡುತ್ತೇವೆ.