ಪೋರ್ಟೊದಲ್ಲಿ ಪೋರ್ಟ್ ವೈನ್: ರೂಬಿಯಿಂದ ಟಾನಿಯವರೆಗೆ

ಪೋರ್ಟ್ ವೈನ್ ಸವಿಯಬೇಕೆಂದು ಪೋರ್ಚುಗಲ್‌ಗೆ ಹೊರಟವರು ಪೋರ್ಟೊ ನಗರದಲ್ಲಿ ಹುಡುಕಾಡಬೇಡಿ. ಹಳೆಯ ಗೋದಾಮುಗಳೆಲ್ಲ ಡೋರು ನದಿಯ ಆಚೆ ದಡದ ವಿಲಾ ನೋವಾ ಡಿ ಗಾಯಾದಲ್ಲಿವೆ. 1886ರ ಕಬ್ಬಿಣದ ಸೇತುವೆಯ ಮೇಲ್ಹಂತದಲ್ಲಿ ಮೆಟ್ರೋ ಓಡುತ್ತದೆ, ಆದರೆ ನಡೆದೇ ದಾಟಿ. ಗೋದಾಮುಗಳ ಹೆಂಚಿನ ಸೂರುಗಳು ಅಲ್ಲಿಂದಲೇ ಕಾಣುತ್ತವೆ.

ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ. ದ್ರಾಕ್ಷಿರಸ ಅರ್ಧ ಹುದುಗಿದಾಗಲೇ ಅದಕ್ಕೆ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿ ಸ್ಪಿರಿಟ್ ಬೆರೆಸುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಸಾರ ಶೇ. 20ರ ಆಸುಪಾಸಿಗೆ ಏರುತ್ತದೆ. ಸಿಹಿಗೆ ಮರುಳಾಗಿ ಬೇಗ ಬೇಗ ಕುಡಿದರೆ ಮಧ್ಯಾಹ್ನವೇ ಕೈಬಿಟ್ಟುಹೋಗುತ್ತದೆ.

ನಾಲ್ಕು ಗೋದಾಮು ಸುತ್ತುವುದಕ್ಕಿಂತ ಒಂದೇ ಕಡೆ ಕುಳಿತು ಪೋರ್ಟ್‌ನ ಎರಡು ಮುಖ್ಯ ಬಗೆಗಳಾದ ರೂಬಿ, ಟಾನಿಗಳಲ್ಲಿ ಒಂದು ರೂಬಿ, ಹತ್ತು ವರ್ಷದ ಟಾನಿ, ಇಪ್ಪತ್ತು ವರ್ಷದ ಟಾನಿ ಮೂರನ್ನೂ ಒಟ್ಟಿಗೆ ಕೇಳಿ ತರಿಸಿಕೊಳ್ಳಿ. ನನಗೆ ಪೋರ್ಟ್ ಅರ್ಥವಾದದ್ದು ಹಾಗೆ. ರೂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ ಗಾಳಿ ತಾಗದಂತೆ ಕೆಲವೇ ವರ್ಷ ಇಡುತ್ತಾರೆ; ಕಡುಗೆಂಪು ಬಣ್ಣ, ಮಾಗಿದ ನೇರಳೆಯ ರುಚಿ, ನಾಲಿಗೆಯ ಅಂಚಿನಲ್ಲಿ ಒಗರು. ಟಾನಿ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಉಸಿರಾಡುತ್ತದೆ. ಕೆಂಪು ಕರಗಿ ಕಂದಾಗುತ್ತದೆ, ಹಣ್ಣಿನ ರುಚಿ ಹಿಂದೆ ಸರಿದು ಅಕ್ರೋಟು, ಒಣ ಅಂಜೂರ, ಕಿತ್ತಳೆ ಸಿಪ್ಪೆಯ ಪರಿಮಳ ಮುಂದೆ ಬರುತ್ತದೆ. ಇಪ್ಪತ್ತು ವರ್ಷದ್ದನ್ನು ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯುತ್ತದೆ. ಒಂದೇ ಲೋಟಕ್ಕೆ ಹಣ ಸಾಲುತ್ತದೆ ಎನ್ನುವವರು ಇದನ್ನೇ ಆರಿಸಿ. ಎದುರಿಗೆ ಬಾದಾಮಿ, ಗಟ್ಟಿ ಚೀಸ್ ಇರಲಿ.

ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು: ವೈನ್ ತಿಳಿಯಾಗಿಸಲು ಕೆಲವರು ಜೆಲಟಿನ್ ಅಥವಾ ಮೊಟ್ಟೆಯ ಬಿಳಿ ಬಳಸುತ್ತಾರೆ.

ಗಾಯಾಕ್ಕೇ ಪ್ರವಾಸ ಮುಗಿಸಬೇಡಿ. ದ್ರಾಕ್ಷಿ ಬೆಳೆಯುವುದು ಒಳನಾಡಿನ ಡೋರು ಕಣಿವೆಯಲ್ಲಿ. 1756ರಲ್ಲೇ ಪೋರ್ಟ್ ವೈನ್ ಪ್ರದೇಶವೆಂದು ಅದರ ಗಡಿ ಗುರುತಿಸಿದ್ದರು. ಪೋರ್ಟೊದಿಂದ ಈ ಕಣಿವೆಯ ಊರಾದ ಪಿನ್ಯಾವೊಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ. ಪದರುಗಲ್ಲಿನ ಕಡಿದಾದ ಗುಡ್ಡಗಳನ್ನು ಕಡಿದು ಮಾಡಿದ ಮೆಟ್ಟಿಲು ತೋಟಗಳನ್ನು ಕಂಡಾಗ, ಒಂದು ಲೋಟದ ಹಿಂದಿರುವ ದುಡಿಮೆಗೆ ಮನಸ್ಸು ತಾನಾಗಿ ಬಾಗುತ್ತದೆ. ಪಿನ್ಯಾವೊ ನಿಲ್ದಾಣದ ಗೋಡೆಯ ನೀಲಿ ಟೈಲ್‌ಗಳಲ್ಲೂ ಕೊಯ್ಲಿನ ಚಿತ್ರಗಳೇ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಸುಡುತ್ತದೆ. ಸೆಪ್ಟೆಂಬರ್ ಕೊಯ್ಲಿನ ಕಾಲ, ಕೊಠಡಿಗಳನ್ನು ಬಹಳ ಮುಂಚೆಯೇ ಕಾದಿರಿಸಬೇಕು.

ಊರಿಗೆ ತರುವುದಾದರೆ ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ಮದ್ಯ ತರಬಹುದು. ಒಂದೇ ಒಳ್ಳೆಯ ವರ್ಷದ ಕೊಯ್ಲಿನಿಂದ ಮಾಡುವ ವಿಂಟೇಜ್ ಪೋರ್ಟ್ ಮುಚ್ಚಳ ತೆಗೆದ ಒಂದೆರಡು ದಿನಗಳಲ್ಲೇ ಸೊರಗುತ್ತದೆ, ತಳದಲ್ಲಿ ಗಸಿಯೂ ಇರುತ್ತದೆ. ಟಾನಿ ಫ್ರಿಜ್‌ನಲ್ಲಿ ಕೆಲವು ವಾರ ಕೆಡದೆ ಇರುತ್ತದೆ, ಬಂದವರಿಗೆಲ್ಲ ಒಂದೊಂದು ಗುಟುಕು ಕೊಡಬಹುದು.