ಅಪ್ಪನ ಎಂ-45, ನನ್ನ ಬೀಕರು

ಕಳೆದ ಭಾನುವಾರ ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಟೊಮೆಟೊಗೆ ಅಂಗಮಾರಿ ಬಂದಿತ್ತು. ಅಪ್ಪ ಬಕೆಟ್‌ನಲ್ಲಿ ಹಳದಿ ಪುಡಿಯನ್ನು ಬರಿಗೈಯಲ್ಲೇ ಕಲೆಸುತ್ತಿದ್ದರು.

"ಏನವ್ವ, ಮಾನಸಗಂಗೋತ್ರೀಲಿ ದಿನವೆಲ್ಲ ಏನ್ ಮಾಡ್ತೀಯ?"

"ನೀನು ಕಲೆಸ್ತಿದ್ದೀಯಲ್ಲ ಎಂ-45, ಅದರ ನೆಂಟರನ್ನ ಮಾಡ್ತೀನಿ ಅಪ್ಪ."

ನಿಜ. ಎಂ-45 ಅಂದರೆ ಮ್ಯಾಂಕೊಜೆಬ್, ಬೆಳೆಯ ಬೂಷ್ಟು ರೋಗಕ್ಕೆ ಹೊಡೆಯುವ ಔಷಧಿ. ಮ್ಯಾಂಗನೀಸ್ ಮತ್ತು ಸತುವನ್ನು ಹಿಡಿದಿಟ್ಟ ಡೈಥಯೋಕಾರ್ಬಮೇಟ್. ಅದರ ತುದಿಯಲ್ಲಿ ಎರಡು ಗಂಧಕ, ಎರಡೂ ಸೇರಿ ಏಡಿಯ ಒಂದು ಕೊಂಡಿಯ ಹಾಗೆ. ಸಿಕ್ಕ ಲೋಹವನ್ನು ಕಚ್ಚಿಕೊಳ್ಳುತ್ತದೆ. ಗಂಧಕಕ್ಕೆ ಲೋಹದ ಮೇಲೆ ಅಷ್ಟು ಆಸೆ. 1834ರಲ್ಲಿ ಡೆನ್ಮಾರ್ಕಿನ ತ್ಸೈಸೆ ಇಂಥ ಒಂದು ಗಂಧಕದ ಸಂಯುಕ್ತಕ್ಕೆ 'ಮರ್ಕ್ಯಾಪ್ಟನ್' ಅಂತ ಹೆಸರಿಟ್ಟ. ಪಾದರಸ ಹಿಡಿಯುವುದು ಅಂತ ಅರ್ಥ.

ಮಾನಸಗಂಗೋತ್ರಿಯ ಲ್ಯಾಬಿನಲ್ಲಿ ನಾನು ಮಾಡುವುದು ಇದರ ಚಿಕ್ಕ ರೂಪ. ಡೈಈಥೈಲ್ ಅಮೀನ್ ಮತ್ತು ಸೋಡಿಯಂ ಹೈಡ್ರಾಕ್ಸೈಡನ್ನು ಐಸ್‌ನಲ್ಲಿಟ್ಟು, ಕಾರ್ಬನ್ ಡೈಸಲ್ಫೈಡನ್ನು ಹನಿಹನಿಯಾಗಿ ಬಿಡುತ್ತೇನೆ. ಅದು 46 ಡಿಗ್ರಿಗೇ ಕುದಿಯುತ್ತದೆ. ಹೊತ್ತಿಕೊಳ್ಳೋಕೆ ಬೆಂಕಿಯೇ ಬೇಕಿಲ್ಲ, ಕಾದ ಹಾಟ್‌ಪ್ಲೇಟ್ ಸಾಕು. ಆ ಹೊತ್ತಿನಲ್ಲಿ ನಾನು ಯಾರ ಜೊತೆಯೂ ಮಾತಾಡಲ್ಲ.

ನಿಕಲ್ ಹಾಕಿದರೆ ತಕ್ಷಣ ಹಸಿರು ಗಸಿ. ಅಷ್ಟೇ. ಆದರೆ ಕೋಬಾಲ್ಟ್! ಮೊದಲ ಸಲ ಒಂದು ಕೋಬಾಲ್ಟಿಗೆ ಎರಡು ಕೊಂಡಿ ಅಂತ ಲೆಕ್ಕ ಹಾಕಿ ತೂಗಿದ್ದೆ. ಕೋಬಾಲ್ಟ್ ಕರಗಿದ ಗುಲಾಬಿ ಬಣ್ಣದ ನೀರಿಗೆ ಸುರಿದು ಕಲಕುತ್ತಾ ಇದ್ದ ಹಾಗೇ ಕಡು ಹಸಿರು ಗಸಿ ಬಂತು. ಸೋಸಿದೆ. ಕೆಳಗಿಳಿದ ನೀರು ಇನ್ನೂ ಗುಲಾಬಿ! ಎಲ್ಲ ಕೋಬಾಲ್ಟ್ ಮುಗಿಯಬೇಕಿತ್ತಲ್ವಾ? ಮಧ್ಯಾಹ್ನವೆಲ್ಲ ಆ ಫ್ಲಾಸ್ಕನ್ನೇ ನೋಡಿದೆ. ಗಾಳಿಯ ಆಮ್ಲಜನಕ ಕೋಬಾಲ್ಟಿನಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತಿತ್ತು. ಹಾಗಾದ ಪ್ರತಿ ಕೋಬಾಲ್ಟೂ ಎರಡಲ್ಲ, ಮೂರು ಕೊಂಡಿ ಹಿಡಿದಿತ್ತು. ಕೊಂಡಿ ಸಾಲದೆ ಮೂರರಲ್ಲಿ ಒಂದು ಭಾಗ ಕೋಬಾಲ್ಟ್ ಹಾಗೇ ಉಳಿದಿತ್ತು. ಆ ಗುಲಾಬಿ ಬಣ್ಣ ನೋಡಿದ ದಿನವೇ ಈ ವಿಷಯ ಬಿಡಬಾರದು ಅನ್ನಿಸಿತು.

ಅಪ್ಪನ ಪುಡಿ ಎಲೆಯ ಮೇಲೆ ತೇವಕ್ಕೆ ಒಡೆಯುತ್ತದೆ. ಹುಟ್ಟುವ ಐಸೋಥಯೋಸಯನೇಟ್ ಬೂಷ್ಟಿನ ಕಿಣ್ವಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಜೊತೆಗೆ ಎಥಿಲೀನ್ ಥಯೋಯೂರಿಯಾನೂ ಹುಟ್ಟುತ್ತದೆ. ಅದು ಥೈರಾಯ್ಡ್‌ಗೆ ಒಳ್ಳೆಯದಲ್ಲ. ಲ್ಯಾಬಿನಲ್ಲಿ ನಾನು ಗ್ಲೌಸ್ ಇಲ್ಲದೆ ಚಮಚವನ್ನೂ ಮುಟ್ಟಲ್ಲ, ಅಪ್ಪ ಮೊಣಕೈವರೆಗೆ ಅದ್ದಿದ್ದರು. ಹೊಟ್ಟೆ ಚುರ್ ಅಂತು.

ಅವತ್ತೇ ಪೇಟೆಗೆ ಹೋಗಿ ದಪ್ಪ ರಬ್ಬರ್ ಗ್ಲೌಸ್ ಮತ್ತು ಮಾಸ್ಕ್ ತಂದುಕೊಟ್ಟೆ. "ಬೆವರ್ತದೆ ಕಣವ್ವ" ಅಂದರು.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ಗ್ಲೌಸ್ ತೊಳೆದು ಹಿತ್ತಲಿನ ತಂತಿ ಮೇಲೆ ನೇತುಹಾಕಿದ್ದಾರಂತೆ.