ಹಾಡೋದು ಬಿಟ್ಟು ಕಾಫಿಪುಡಿ ಯಾಕೆ?

"ಅಷ್ಟು ಚೆನ್ನಾಗಿ ಹಾಡ್ತಿದ್ದೆ, ಅದನ್ನ ಬಿಟ್ಟು ಈ ಕಾಫಿಪುಡಿ ವ್ಯಾಪಾರ ಯಾಕಪ್ಪಾ?" ಚಿಕ್ಕಮಗಳೂರಿನ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಇದನ್ನು ಕೇಳುತ್ತಾರೆ. ಇನ್ನರ್ಧ ಜನ ಕಾಲು ಕೆಜಿ ಕಟ್ಟಿಸಿಕೊಂಡು ಸುಮ್ನೆ ಹೋಗುತ್ತಾರೆ. ಅವರೇ ನನಗೆ ಇಷ್ಟ.

ಚೆನ್ನಾಗಿ ಹಾಡ್ತಿದ್ದೆ ಅನ್ನುವವರು ಯಾರೂ ನನ್ನ ಹಾಡು ಕೇಳಿದವರಲ್ಲ. ಬೆಂಗಳೂರಿನಲ್ಲಿ ನಮ್ಮ ಬ್ಯಾಂಡ್ ಹಾಡುತ್ತಿದ್ದದ್ದು ಹಾರ್ಡ್ ರಾಕ್. ಕೇಳಿದ್ದರೆ ಮುಕ್ಕಾಲು ಜನ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಮೂಡಿಗೆರೆ ಕಡೆ ಒಂದು ಮದುವೆ. ಎಲೆ ಮುಂದೆ ಕೂತಿದ್ದೇವೆ. ಪಕ್ಕದ ಹಿರಿಯರೊಬ್ಬರು ಪಂಕ್ತಿಗೆಲ್ಲ ಕೇಳುವ ಹಾಗೆ, "ಹಾಡಿ ಹೊಟ್ಟೆ ತುಂಬಲಿಲ್ಲ ಅನ್ನು" ಅಂದರು. ಎದುರು ಸಾಲಿನವರೂ ನಕ್ಕರು. ನಾನು ಸ್ಯಾಮಿ ಹ್ಯಾಗರ್ ಕಥೆ ಶುರು ಮಾಡಿದೆ. ಅವರು ಪಾಯಸದವನನ್ನು ಕರೆದರು. ಅಲ್ಲಿ ನಿಂತದ್ದನ್ನು ಇಲ್ಲಿ ಮುಗಿಸುತ್ತೇನೆ.

ಹ್ಯಾಗರ್ ಅಮೆರಿಕದವನು. 1985ರಲ್ಲಿ ವ್ಯಾನ್ ಹೇಲನ್ ಬ್ಯಾಂಡಿಗೆ ಗಾಯಕನಾಗಿ ಸೇರಿದ. ಇನ್ನೂ ಅಲ್ಲಿ ಹಾಡುತ್ತಿರುವಾಗಲೇ, 1990ರಲ್ಲಿ, ಮೆಕ್ಸಿಕೋದ ಕಾಬೊ ಸಾನ್ ಲೂಕಾಸ್‌ನಲ್ಲಿ ಕಾಬೊ ವಾಬೊ ಅಂತ ಬಾರ್ ತೆರೆದ. ಬ್ಯಾಂಡಿನವರೂ ದುಡ್ಡು ಹಾಕಿದ್ದರು. ನಷ್ಟ ಆದಾಗ ಅವರು ಕೈ ತೊಳೆದುಕೊಂಡರು, ಇವನು ಬಿಡಲಿಲ್ಲ. ಅದೇ ಹೆಸರಲ್ಲಿ ಟಕೀಲಾ ಅನ್ನೋ ಮದ್ಯ ಮಾರಿದ. 2007ರಲ್ಲಿ ಇಟಲಿಯ ಕಂಪಾರಿ ಕಂಪನಿ ಆ ಬ್ರ್ಯಾಂಡಿನ 80 ಪರ್ಸೆಂಟ್ ಪಾಲನ್ನು 8 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಅಷ್ಟು ದುಡ್ಡು ಬಂದ ಮೇಲೂ ಚಿಕನ್‌ಫುಟ್ ಅನ್ನೋ ಹೊಸ ಬ್ಯಾಂಡ್ ಸೇರಿ 2009ರಲ್ಲಿ ಆಲ್ಬಮ್ ತಂದ. ಆಗ ವಯಸ್ಸು 60 ದಾಟಿತ್ತು.

ಅದೇ 2007ರಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದ ಐರನ್ ಮೇಡನ್ ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್ ವಿಮಾನದ ಪೈಲಟ್ ಕೂಡ. ಮುಂದೆ ವಿಮಾನ ರಿಪೇರಿ ಕಂಪನಿಯನ್ನೂ ತೆರೆದ. ಹೊಟ್ಟೆ ತುಂಬಲಿಲ್ವಾ ಅಂತ ಅವನನ್ನು ಯಾವ ಮದುವೆಮನೆಯಲ್ಲಿ ಕೇಳಿದರೋ!

ನನ್ನ ಅಂಗಡಿ ಕೊಳ್ಳೋಕೆ ಇಟಲಿಯಿಂದ ಯಾರೂ ಬಂದಿಲ್ಲ, ಒಪ್ಪಿದೆ. ಬ್ಯಾಂಡಿನಿಂದ ಬರುತ್ತಿದ್ದ ದುಡ್ಡು ರಿಹರ್ಸಲ್ ರೂಮಿನ ಬಾಡಿಗೆಗೂ ಸಾಲುತ್ತಿರಲಿಲ್ಲ. ಅಪ್ಪನ ತೋಟದ ಅರೇಬಿಕಾ ಕಾಫಿ ಹೇಗೂ ಇತ್ತು. ಬೀಜ ಹುರಿಯುವ ಒಂದು ರೋಸ್ಟರ್ ತಂದೆ. ಶಟರ್ ಎಳೆದ ಮೇಲೆ ಈಗಲೂ ಹಾಡುತ್ತೇನೆ, ಪಕ್ಕದ ಟೈಲರ್ ಅಂಗಡಿಯವರನ್ನು ಕೇಳಿ. ಮದುವೆಮನೆಯ ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಸಿಟ್ಟು ಜಾಸ್ತಿ.

ಹುರಿಯೋದನ್ನು ಯಾವಾಗ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತೆ? ಇದನ್ನು ಯಾಕೆ ಯಾರೂ ಕೇಳೋದಿಲ್ಲ?

ಕಿವಿಯಿಂದ ಗೊತ್ತಾಗುತ್ತೆ. ಹಸಿಬೀಜ ಮೊದಲು ಒಣಹುಲ್ಲಿನ ವಾಸನೆ ಕೊಡುತ್ತದೆ. ಹಳದಿಗೆ ತಿರುಗುತ್ತದೆ, ಆಮೇಲೆ ಕಂದು. ಶಾಖ 200 ಡಿಗ್ರಿ ಹತ್ತಿರ ಬಂದಾಗ ಒಳಗಿನ ಆವಿಯ ಒತ್ತಡಕ್ಕೆ ಬೀಜ ಚಟ್ ಚಟ್ ಅಂತ ಸಿಡಿಯುತ್ತದೆ. ಇದು ಫಸ್ಟ್ ಕ್ರ್ಯಾಕ್. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಸಣ್ಣಗೆ ಚಿಟಿಚಿಟಿ ಶುರುವಾಗುತ್ತದೆ, ಬೀಜದ ಮೇಲೆ ಎಣ್ಣೆ ಜಿನುಗುತ್ತದೆ. ಇದು ಸೆಕೆಂಡ್ ಕ್ರ್ಯಾಕ್. ಫಿಲ್ಟರ್ ಕಾಫಿಗೆ ನಾನು ಇದರ ಹೊಸ್ತಿಲಲ್ಲೇ ಇಳಿಸಿಬಿಡುತ್ತೇನೆ. ಬ್ಲೋಯರ್, ಮೋಟಾರ್ ಗಲಾಟೆಯ ನಡುವೆ ಆ ಸದ್ದನ್ನು ಹೆಕ್ಕಬೇಕು. ಡ್ರಮ್ಸ್ ಪಕ್ಕ ನಿಂತು ನನ್ನ ಶ್ರುತಿ ನಾನೇ ಹುಡುಕಿಕೊಂಡವನು, ಅಷ್ಟು ಬರುತ್ತದೆ.

ಕಾಫಿಪುಡಿಗೆ ಬೆರೆಸುವ ಬೇರಿನ ಪುಡಿ, ಚಿಕೋರಿ ಬಗ್ಗೆಯೂ ಕೇಳಬಹುದು. ಮಿಶ್ರಣದಲ್ಲಿ ಕನಿಷ್ಠ 51 ಪರ್ಸೆಂಟ್ ಕಾಫಿ ಇರಬೇಕು ಅನ್ನುತ್ತದೆ ಕಾನೂನು. ಆ 49 ಪರ್ಸೆಂಟ್ ಚಿಕೋರಿ ಕುಡಿದು, ಆಹಾ ಮಲೆನಾಡ ಕಾಫಿ ಅನ್ನುವವರೇ ನನ್ನ ಹೊಟ್ಟೆಪಾಡಿನ ಚಿಂತೆ ಮಾಡೋದು. ನನ್ನದು 80ಕ್ಕೆ 20. ಚಿಕೋರಿ ಬೇಡ ಅನ್ನುವವರು ಹಿಂದಿನ ದಿನ ಹೇಳಿ, ಬೇರೆ ಪುಡಿ ಮಾಡಿಡುತ್ತೇನೆ.